ಲೈಟ್ ಫಿಲ್ಲಿಂಗ್ ಆದ್ಮೇಲೂ ಹಲ್ಲು ಜುಮ್ ಅನ್ನತ್ತೆ, ಅಂಟು ಎಲ್ಲಿ ತಪ್ಪಿರತ್ತೆ?

ಪ್ರಶ್ನೆ: ಡಾಕ್ಟ್ರೇ, ನಮ್ಮೂರು ದಾವಣಗೆರೆ, ವಯಸ್ಸು 38. ಕೆಳಗಡೆ ಬಲಗಡೆ ದವಡೆ ಹಲ್ಲಲ್ಲಿ ಹದಿನೈದು ವರ್ಷದ ಹಳೇ ಬೆಳ್ಳಿ ಸಿಮೆಂಟ್ ಇತ್ತು, ಕಪ್ಪಗೆ ಕಾಣತ್ತೆ ಅಂತ ಮೂರು ತಿಂಗಳ ಹಿಂದೆ ತೆಗೆಸಿ ಬಿಳಿ ಲೈಟ್ ಫಿಲ್ಲಿಂಗ್ ಹಾಕಿಸ್ದೆ. ಅವತ್ತಿಂದ ತಣ್ಣೀರು ಕುಡಿದ್ರೆ ಜುಮ್ ಅನ್ನತ್ತೆ, ಮಂಡಕ್ಕಿ ತಿನ್ನುವಾಗ ಹುರಿಗಡಲೆ ಆ ಹಲ್ಲಿಗೆ ಸಿಕ್ಕಿದ್ರೆ ಚುಳ್ ಅಂತ ಹೊಡೆಯತ್ತೆ. ಮೇಲೆ ಎಡಗಡೆ ಕೋರೆಹಲ್ಲಿನ ಪಕ್ಕದ ಹಲ್ಲಿಗೆ ವಸಡಿನ ಹತ್ರ ಹಾಕಿಸಿದ್ದ ಫಿಲ್ಲಿಂಗ್ ಒಂದೇ ವರ್ಷದಲ್ಲಿ ಎರಡು ಸಲ ಬಿದ್ದೋಯ್ತು. ಇನ್ನೊಬ್ಬ ಡಾಕ್ಟ್ರು ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಬಿಡಿ ಅಂತಾರೆ. ನನ್ನ ಗೆಳೆಯ ದುಬಾರಿ ಕಂಪನಿ ಬಾಂಡ್ ಹಾಕಿಸು ಸರಿಹೋಗತ್ತೆ ಅಂತಾನೆ. ಯಾವ ಕಂಪನಿದು ಒಳ್ಳೇದು? ಹಳೇ ಬೆಳ್ಳಿನೇ ವಾಸಿ ಇತ್ತಾ?

ಉತ್ತರ: ಕಂಪನಿ ಹೆಸರು ಕೇಳಿದೀರಿ, ಅದನ್ನ ಕೊನೆಗೆ ಇಟ್ಕೊಳೋಣ, ಯಾಕಂದ್ರೆ ನಿಮ್ಮ ಎರಡೂ ಹಲ್ಲಿನ ತೊಂದರೆಗೆ ಕಂಪನಿ ಕಾರಣ ಇರೋ ಸಾಧ್ಯತೆ ತುಂಬಾ ಕಮ್ಮಿ. ಮೊದಲು ಒಂದು ವಿಷಯ ಹೇಳ್ಬಿಡ್ತೀನಿ. ಜುಮ್ ಅನ್ನೋ ಫಿಲ್ಲಿಂಗ್ ಮತ್ತೆ ಬಿದ್ದು ಹೋಗೋ ಫಿಲ್ಲಿಂಗ್ ಇವೆರಡೂ ಬೇರೆ ಬೇರೆ ರೋಗ ಅಂತ ಜನ ಅಂದ್ಕೊಂಡಿರ್ತಾರೆ, ಎಷ್ಟೋ ಸಲ ಬೇರು ಒಂದೇ ಇರತ್ತೆ, ಹಲ್ಲಿಗೂ ಫಿಲ್ಲಿಂಗಿಗೂ ಮಧ್ಯೆ ಅಂಟು, ಅಂದ್ರೆ ನಿಮ್ಮ ಗೆಳೆಯ ಹೇಳಿದ ಬಾಂಡ್, ಸರಿಯಾಗಿ ಕೂತಿರಲ್ಲ. ಅಂಟು ಗಟ್ಟಿಯಾಗಿ ಕೂತು ಹಲ್ಲಿನ ಒಳಭಾಗ ಪೂರ್ತಿ ಮುಚ್ಚಿಹೋದ್ರೆ ನೋವೂ ಇರಲ್ಲ, ಬಾಳಿಕೆನೂ ಬರತ್ತೆ.

ಇದು ಅರ್ಥ ಆಗ್ಬೇಕು ಅಂದ್ರೆ ಹಲ್ಲಿನ ಒಳಗೆ ಸ್ವಲ್ಪ ಇಣುಕಿ ನೋಡ್ಬೇಕು. ಹೊರಗಿನ ಬಿಳಿ ಕವಚ ಎನಾಮಲ್, ಅದು ತೂಕದಲ್ಲಿ ಸುಮಾರು 96 ಪರ್ಸೆಂಟ್ ಖನಿಜ, ಒಂಥರಾ ಕಲ್ಲೇ ಅನ್ನಿ, ಅದಕ್ಕೆ ನರ ಇಲ್ಲ ನೋವೂ ಇಲ್ಲ. ಅದರ ಕೆಳಗೆ ಹಳದಿ ಬಣ್ಣದ ಡೆಂಟಿನ್, ಇದರಲ್ಲಿ ಖನಿಜ ಸುಮಾರು 70 ಪರ್ಸೆಂಟ್, 20 ಪರ್ಸೆಂಟ್ ಕೊಲಾಜೆನ್ ಅನ್ನೋ ನಾರು, ಉಳಿದ 10 ನೀರು. ಈ ಡೆಂಟಿನ್ ಗಟ್ಟಿ ಗೋಡೆ ಅಲ್ಲ, ತುಂಬಾ ಸಣ್ಣ ಕೊಳವೆಗಳು ಒತ್ತೊತ್ತಾಗಿ ನಿಂತಿರ್ತವೆ, ಎನಾಮಲ್ ಹತ್ರ ಒಂದು ಚದರ ಮಿಲಿಮೀಟರಿಗೆ ಇಪ್ಪತ್ತು ಸಾವಿರದಷ್ಟು, ನರದ ಹತ್ರ ಹೋಗ್ತಾ ಹೋಗ್ತಾ ನಲವತ್ತೈದು ಸಾವಿರ ದಾಟತ್ತೆ, ಕೊಳವೆ ಬಾಯಿನೂ ಅಗಲ ಆಗ್ತಾ ಹೋಗತ್ತೆ. ಒಂದೊಂದರ ಒಳಗೂ ದ್ರವ ತುಂಬಿರತ್ತೆ, ಅದು ಒಳಗಿರೋ ಜೀವಂತ ಪಲ್ಪಿಗೆ, ಅಂದ್ರೆ ನರ ಇರೋ ತಿರುಳಿಗೆ, ನೇರ ಸಂಪರ್ಕ. ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರಮ್ ಅನ್ನೋರು 1960ರ ದಶಕದಲ್ಲಿ ಇದನ್ನ ತೋರಿಸಿಕೊಟ್ರು, ತಣ್ಣಗಿಂದೋ ಗಾಳಿಯೋ ತಾಗಿದಾಗ ಈ ಕೊಳವೆಯೊಳಗಿನ ದ್ರವ ಸರಕ್ ಅಂತ ಜರುಗತ್ತೆ, ಆ ಜರುಗಾಟವೇ ನರದ ತುದಿನ ಎಳೆಯತ್ತೆ, ನಮಗೆ ಜುಮ್ ಅನ್ನತ್ತೆ. ಅಂದ್ರೆ ತಣ್ಣೀರು ನರಕ್ಕೆ ಹೋಗಿ ಮುಟ್ಟಬೇಕಾಗೇ ಇಲ್ಲ, ಕೊಳವೆ ಬಾಯಿ ತೆರೆದಿದ್ರೆ ಸಾಕು.

ಈಗ ನಿಮ್ಮ ಫಿಲ್ಲಿಂಗ್ ಕೆಳಗೆ ಒಂದು ಸಣ್ಣ ಪೊಳ್ಳು ಇದೆ ಅಂತ ಊಹಿಸ್ಕೊಳಿ, ಕಣ್ಣಿಗೆ ಕಾಣದಷ್ಟು ಸಣ್ಣದು, ಅದರೊಳಗೆ ದ್ರವ ತುಂಬ್ಕೊಂಡಿರತ್ತೆ. ಹುರಿಗಡಲೆ ಮೇಲೆ ಕಚ್ಚಿದಾಗ ಫಿಲ್ಲಿಂಗ್ ಕೂದಲೆಳೆಯಷ್ಟು ಕೆಳಗೆ ಅದುಮತ್ತೆ, ಬಿಟ್ಟಾಗ ಮೇಲೆ ಬರತ್ತೆ, ಕೈಪಂಪು ಹೊಡೆದ ಹಾಗೆ. ಹೊಡೆದಾಗೆಲ್ಲ ಕೊಳವೆಯೊಳಗಿನ ದ್ರವ ಓಡಾಡತ್ತೆ, ಚುಳ್ ಅನ್ನತ್ತೆ. ಹಲ್ಲು ಸತ್ತಿಲ್ಲ ಕೊಳೆತೂ ಇಲ್ಲ, ಬಾಗಿಲು ಹಾಕಿಲ್ಲ ಅಷ್ಟೇ. ಇಂಥ ಹಲ್ಲಿಗೆ ರೂಟ್ ಕೆನಾಲ್ ಮಾಡಿದ್ರೂ ನೋವು ಹೋಗತ್ತೆ ನಿಜ, ನರನೇ ತೆಗೆದ್ಮೇಲೆ ನೋಯೋದು ಯಾವುದು? ಆದ್ರೆ ಉಳಿಸ್ಕೋಬಹುದಾಗಿದ್ದ ಜೀವಂತ ನರನ ಕಳ್ಕೊಂಡ ಹಾಗಾಯ್ತು, ಇದು ನಂಗೆ ನಿಜವಾಗ್ಲೂ ಸಂಕಟ ಕೊಡೋ ವಿಷಯ. ನಿಮ್ಮ ಹಲ್ಲು ಈ ಗುಂಪಿಗೇ ಸೇರತ್ತೆ ಅಂತ ನೋಡದೆ ಹೇಳಕ್ಕಾಗಲ್ಲ, ಬೇರೆ ಕಾರಣನೂ ಇರಬಹುದು, ಅದಕ್ಕೆ ಮುಂದೆ ಬರ್ತೀನಿ.

ಬೆಳ್ಳಿನೇ ವಾಸಿ ಇತ್ತಾ ಅಂತ ಕೇಳಿದ್ರಲ್ಲ, ಬೆಳ್ಳಿ ಅಂದ್ರೆ ಅಮಾಲ್ಗಮ್, ಅದು ಹಲ್ಲಿಗೆ ಅಂಟೋದೇ ಇಲ್ಲ, ಬಾಯಿ ಚಿಕ್ಕದು ಹೊಟ್ಟೆ ದೊಡ್ಡದು ಇರೋ ಗುಳಿ ತೋಡಿ ಅದರೊಳಗೆ ಅದುಮಿ ತುಂಬಿಸ್ತಿದ್ವಿ, ಕುತ್ತಿಗೆ ಸಣ್ಣ ಇರೋ ಗಡಿಗೆಯಿಂದ ಒಳಗಿನ ಉಂಡೆ ಈಚೆ ಬರದ ಹಾಗೆ. ಸ್ವಲ್ಪ ಎಂಜಲು ತಾಗಿದ್ರೂ ಸಹಿಸ್ಕೋತಿತ್ತು, ಕೈ ಸ್ವಲ್ಪ ಅವಸರ ಮಾಡಿದ್ರೂ ನಡೀತಿತ್ತು, ಹದಿನೈದು ಇಪ್ಪತ್ತು ವರ್ಷ ಬಾಳ್ತಿತ್ತು. ಆದ್ರೆ ಗುಳಿ ತೋಡಕ್ಕೆ ಒಳ್ಳೇ ಹಲ್ಲನ್ನೂ ಕೊರೀಬೇಕಿತ್ತು, ಉಳಿದ ಗೋಡೆಗಳನ್ನ ಅದು ಹಿಡಿದು ನಿಲ್ಲಿಸ್ತಿರಲಿಲ್ಲ, ವರ್ಷಗಟ್ಟಲೆ ಕಚ್ಚಿ ಕಚ್ಚಿ ಗೋಡೆ ಬುಡದಲ್ಲಿ ಬಿರುಕು ಬಿಡೋದು ತುಂಬಾ ಸಾಮಾನ್ಯ. ಪಾದರಸ ಇರೋದ್ರಿಂದ ಪಾದರಸದ ಬಳಕೆ ಇಳಿಸೋ 2013ರ ಮಿನಮಾಟಾ ಅಂತರರಾಷ್ಟ್ರೀಯ ಒಪ್ಪಂದ ಆದ್ಮೇಲೆ ಜಗತ್ತಿನಲ್ಲೇ ಅದರ ಬಳಕೆ ಇಳೀತಾ ಬಂದಿದೆ. ಲೈಟ್ ಫಿಲ್ಲಿಂಗ್ ಅಂದ್ರೆ ಕಾಂಪೋಸಿಟ್ ಹಾಗಲ್ಲ, ಅದು ನಿಂತಿರೋದೇ ಅಂಟಿನ ಮೇಲೆ. ಅಂಟು ಸರಿ ಇದ್ರೆ ಉಳಿದ ಹಲ್ಲನ್ನೂ ಕಟ್ಟಿ ಹಿಡಿಯತ್ತೆ, ಅಂಟು ತಪ್ಪಿದ್ರೆ ಬೆಳ್ಳಿಗಿಂತ ಕೆಟ್ಟದಾಗಿ ಸೋಲತ್ತೆ. ಬೆಳ್ಳಿ ಮಾಡಿದಷ್ಟೇ ಟೈಮಲ್ಲಿ ಕಾಂಪೋಸಿಟ್ ಮಾಡ್ತೀನಿ ಅಂದ್ರೆ ಆಗೋ ಕೆಲಸ ಅಲ್ಲ ಅದು.

ಎನಾಮಲ್ಲಿಗೆ ಅಂಟಿಸೋ ವಿದ್ಯೆ ಬಂದು ಎಪ್ಪತ್ತು ವರ್ಷ ಆಯ್ತು. 1955ರಲ್ಲಿ ಅಮೆರಿಕದ ಮೈಕಲ್ ಬ್ಯೂನೊಕೋರ್ ಅನ್ನೋ ದಂತವೈದ್ಯ, ಲೋಹಕ್ಕೆ ಪೇಂಟ್ ಚೆನ್ನಾಗಿ ಹಿಡೀಲಿ ಅಂತ ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಸಿಡ್ ಹಚ್ತಾರಲ್ಲ, ಅದನ್ನೇ ಹಲ್ಲಿಗೆ ಹಚ್ಚಿ ನೋಡಿದ್ರು. ನಯವಾದ ಕಾಂಕ್ರೀಟ್ ಕಂಬಕ್ಕೆ ಗಾರೆ ನಿಲ್ಲಲ್ಲ ಅಂತ ಮೇಸ್ತ್ರಿ ಮೊದಲು ಉಳಿಯಲ್ಲಿ ಕಚ್ಚು ಹೊಡೀತಾನೆ ನೋಡಿ, ಆಸಿಡ್ ಎನಾಮಲ್ಲಿಗೆ ಅದನ್ನೇ ಮಾಡತ್ತೆ, ಕಣ್ಣಿಗೆ ಕಾಣದ ಕಚ್ಚು. ಅದರೊಳಗೆ ಅಂಟು ಇಳಿದು ಲೈಟಿಗೆ ಗಟ್ಟಿ ಆದ್ರೆ ಎಳೆದ್ರೂ ಬರಲ್ಲ. ಅವರು ಬಳಸಿದ್ದು 85 ಪರ್ಸೆಂಟಿನ ಆಸಿಡ್, ಈಗ ನಾವು ಬಳಸೋ ನೀಲಿ ಜೆಲ್ 35ರಿಂದ 37 ಪರ್ಸೆಂಟ್. ತೊಳೆದು ಒಣಗಿಸಿದ್ಮೇಲೆ ಎನಾಮಲ್ ಸುಣ್ಣ ಬಳಿದ ಹಾಗೆ ಮಂಕು ಬಿಳಿ ಆಗತ್ತೆ, ಅದು ಕಂಡ್ರೆ ನಂಗೆ ಸಮಾಧಾನ. ಎನಾಮಲ್ಲಿನ ಅಂಟು ಇವತ್ತಿಗೂ ನಮ್ಮ ಕೈಲಿರೋದ್ರಲ್ಲೆಲ್ಲ ನಂಬಿಕಸ್ತ ಅಂಟು, ಸುತ್ತ ಎನಾಮಲ್ಲಿನ ಅಂಚು ಇರೋ ಫಿಲ್ಲಿಂಗ್ ವರ್ಷಾನುಗಟ್ಟಲೆ ನಿಲ್ಲೋದು ಅದಕ್ಕೇ.

ಕಷ್ಟ ಇರೋದು ಡೆಂಟಿನ್ನಲ್ಲಿ. ಅಲ್ಲಿ ಒದ್ದೆ, ನಾರು, ಜೀವ ಎಲ್ಲಾ ಇದೆ. ಜಪಾನಿನ ತಕಾವೊ ಫುಸಾಯಾಮ 1970ರ ದಶಕದ ಕೊನೆಯಲ್ಲಿ ಡೆಂಟಿನ್ನಿಗೂ ಆಸಿಡ್ ಹಚ್ಚಬಹುದು ಅಂದಾಗ ತುಂಬಾ ಜನ ನರ ಸತ್ತೋಗತ್ತೆ ಅಂತ ಹೆದರಿದ್ರು. 1982ರಲ್ಲಿ ಅದೇ ಜಪಾನಿನ ನೊಬುವೊ ನಕಾಬಾಯಾಶಿ ಒಳಗೆ ಏನಾಗ್ತಿದೆ ಅಂತ ವಿವರಿಸಿದ್ರು. ಆಸಿಡ್ ಡೆಂಟಿನ್ನಿನ ಮೇಲ್ಪದರದ ಖನಿಜ ಕರಗಿಸಿ ಕೊಲಾಜೆನ್ ನಾರನ್ನ ಬೆತ್ತಲೆ ಮಾಡತ್ತೆ, ಅಂಟು ಆ ನಾರಿನ ಸಂದಿಗೆ ನುಗ್ಗಿ ಗಟ್ಟಿ ಆದ್ರೆ ಅರ್ಧ ಹಲ್ಲು ಅರ್ಧ ಪ್ಲಾಸ್ಟಿಕ್ ಅನ್ನೋ ಒಂದು ಹೊಸ ಪದರ ಹುಟ್ಟತ್ತೆ, ಹೈಬ್ರಿಡ್ ಲೇಯರ್ ಅಂತಾರೆ. ಕೆಲವೇ ಮೈಕ್ರಾನ್ ದಪ್ಪ, ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಿಮ್ಮ ಹಲ್ಲು ನೋಯತ್ತೋ ಬಿಡತ್ತೋ ಅನ್ನೋದು ಬಹಳಷ್ಟು ಮಟ್ಟಿಗೆ ಆ ಪದರದ ಮೇಲೇ ನಿಂತಿದೆ.

ಇಲ್ಲೇ ಹೆಚ್ಚು ಎಡವಟ್ಟು ಆಗೋದು. ಕೆರೇಲಿ ನೀರಿದ್ದಾಗ ಪಾಚಿ ಎಳೆಎಳೆಯಾಗಿ ಬಿಡಿಸ್ಕೊಂಡು ತೇಲ್ತಿರತ್ತೆ, ನೀರು ಬತ್ತಿದ ಮೇಲೆ ನೋಡಿದ್ರೆ ಎಲ್ಲಾ ಸೇರಿ ಮಣ್ಣಿಗೆ ಕಂಬಳಿ ಹೊದಿಸಿದ ಹಾಗೆ ಚಪ್ಪಟೆ ಅಂಟ್ಕೊಂಡಿರತ್ತೆ. ಆಸಿಡ್ ತೊಳೆದಾದ್ಮೇಲೆ ಗಾಳಿ ಜಾಸ್ತಿ ಹೊಡೆದು ಡೆಂಟಿನ್ ಒಣಗಿಸಿದ್ರೆ ಕೊಲಾಜೆನ್ ನಾರಿಗೂ ಅದೇ ಗತಿ, ಮಲಗಿಬಿಡತ್ತೆ, ಅಂಟು ಒಳಗೆ ಇಳಿಯಲ್ಲ, ಮೇಲೆ ತೇಲತ್ತೆ, ಕೆಳಗೆ ಬೆತ್ತಲೆ ನಾರು ತೆರೆದ ಕೊಳವೆ ಎರಡೂ ಹಾಗೇ ಉಳಿಯತ್ತೆ. ಹಾಗಂತ ನೀರು ನಿಲ್ಲಕ್ಕೆ ಬಿಟ್ರೂ ಅಂಟು ನೀರಲ್ಲಿ ಕಲಸಿಹೋಗಿ ಗಟ್ಟಿ ಆಗಲ್ಲ. ಹದ ಅಂದ್ರೆ ಗಾರೆ ಮಾಡೋಕೆ ಮುಂಚೆ ಇಟ್ಟಿಗೆ ಗೋಡೆ ನೆನೆಸ್ತಾರಲ್ಲ, ನೀರು ಇಳೀತಿರಬಾರದು, ಒಣಗೂ ಇರಬಾರದು, ತೇವದ ಹೊಳಪು ಇರ್ಬೇಕು. ನಾನು ಪ್ರಾಕ್ಟೀಸ್ ಶುರು ಮಾಡಿದ ಮೊದಲ ವರ್ಷಗಳಲ್ಲಿ ಎಲ್ಲಾ ಚೆನ್ನಾಗಿ ಒಣಗಿಸ್ಬೇಕು ಅನ್ನೋ ಉತ್ಸಾಹದಲ್ಲಿ ಗಾಳಿ ಬಿಟ್ಟೇ ಬಿಡ್ತಿದ್ದೆ, ಒಬ್ಬ ಮೇಷ್ಟ್ರು ಮೂರು ಸಲ ಬಂದ್ರು ನೋವು ನೋವು ಅಂತ, ಎಕ್ಸ್-ರೇಲಿ ಏನೂ ಕಾಣ್ತಿರಲಿಲ್ಲ, ಕಡೆಗೆ ಫಿಲ್ಲಿಂಗ್ ತೆಗೆದು ಡೆಂಟಿನ್ನಿಗೆ ಆಸಿಡ್ ತಾಗಿಸದೆ ಬೇರೆ ರೀತಿಯ ಬಾಂಡ್ ಹಾಕಿ ಮತ್ತೆ ತುಂಬಿಸಿದೆ, ಮಾರನೇ ದಿನವೇ ನೋವಿಲ್ಲ ಅಂತ ಫೋನ್ ಮಾಡಿದ್ರು. ಹಲ್ಲು ಅದೇ, ಕಾಂಪೋಸಿಟ್ಟೂ ಅದೇ ಡಬ್ಬಿದು. ಆ ಮೇಷ್ಟ್ರನ್ನ ನಾನು ಮರೆತಿಲ್ಲ.

ಆ ಬೇರೆ ರೀತಿ ಅಂದ್ರೆ ಸೆಲ್ಫ್ ಎಚ್ ಅನ್ನೋ ದಾರಿ. ಅಂಟಿನಲ್ಲೇ ಮೆತ್ತಗಿನ ಆಮ್ಲ ಸೇರಿರತ್ತೆ, ಪಿಎಚ್ ಸುಮಾರು 2ರ ಆಸುಪಾಸು, ಅದೇ ಸ್ವಲ್ಪ ಕರಗಿಸ್ತಾ ಅದೇ ಒಳಗೆ ಇಳಿಯತ್ತೆ, ಮಧ್ಯೆ ತೊಳೆಯೋದು ಒಣಗಿಸೋದು ಇಲ್ಲ, ಹಾಗಾಗಿ ನಾರು ಮಲಗೋ ಪ್ರಶ್ನೆನೇ ಬರಲ್ಲ, ಕೊಳವೆ ಬಾಯಲ್ಲಿರೋ ಪುಡಿ ಬಿರಡೆನೂ ಪೂರ್ತಿ ಕಿತ್ತು ಹೋಗಲ್ಲ, ಜುಮ್ ಅನ್ನೋದು ಕಮ್ಮಿ. ಇಂಥವುಗಳಲ್ಲಿ ಎಂಡಿಪಿ ಅನ್ನೋ ಅಣು ಇರೋದು ನೋಡಿ ಬಳಸ್ಬೇಕು, ಜಪಾನಿನ ಕುರಾರೆ ಕಂಪನಿ ತಯಾರಿಸಿದ್ದು ಅದು, ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿಯೇ ಕೈ ಹಿಡಿಯತ್ತೆ, ಆ ಬಂಧ ನೀರಿಗೆ ಬೇಗ ಬಿಡಲ್ಲ. ಆದ್ರೆ ಮೆತ್ತಗಿನ ಆಮ್ಲ ಕಲ್ಲಿನಂಥ ಎನಾಮಲ್ಲಿಗೆ ಸಾಲಲ್ಲ. ಹಾಗಾಗಿ ನಾನು ಮಾಡೋದು ಎರಡರ ನಡುವಿನ ದಾರಿ, ಅಂಚಿನ ಎನಾಮಲ್ಲಿಗೆ ಮಾತ್ರ ನೀಲಿ ಜೆಲ್ ಹದಿನೈದರಿಂದ ಮೂವತ್ತು ಸೆಕೆಂಡ್, ತೊಳೆದು, ಆಮೇಲೆ ಇಡೀ ಗುಳಿಗೆ ಎಂಡಿಪಿ ಇರೋ ಬಾಂಡ್. ಆಮೇಲೆ ಬರೋ ಒಂದು ಚಿಕ್ಕ ಕೆಲಸನ ತುಂಬಾ ಜನ ಹಾರಿಸ್ತಾರೆ. ಬಾಂಡ್ ಹಚ್ಚೋದು ಅಂದ್ರೆ ತಾಗಿಸಿ ತೆಗೆಯೋದಲ್ಲ, ಸಣ್ಣ ಬ್ರಷ್ಷಲ್ಲಿ ಇಪ್ಪತ್ತು ಸೆಕೆಂಡ್ ಉಜ್ಜುತ್ತಾ ಇರ್ಬೇಕು, ಎಣ್ಣೆ ತಲೆಗೆ ಇಳಿಸೋ ಹಾಗೆ. ಆಮೇಲೆ ಗಾಳಿ, ಮೊದಲು ಮೆಲ್ಲಗೆ ಆಮೇಲೆ ಜೋರಾಗಿ, ಅಂಟಿನ ಮೇಲೆ ಅಲೆ ಏಳೋದು ನಿಲ್ಲೋವರೆಗೆ. ಬಾಂಡಿನಲ್ಲಿರೋ ನೀರು, ಸ್ಪಿರಿಟ್ಟು ಅಥವಾ ಅಸಿಟೋನು ಹಾರಿಹೋಗಿಲ್ಲ ಅಂದ್ರೆ ಅದು ಜಾಗ ಹಿಡ್ಕೊಂಡು ಅಂಟನ್ನ ಬಲಹೀನ ಮಾಡತ್ತೆ. ಆಮೇಲೆ ಲೈಟು. ಬಾಟಲಿ ಮುಚ್ಚಳ ಹಾಕದೆ ಟ್ರೇ ಮೇಲೆ ಬಿಟ್ರೆ ಅಸಿಟೋನ್ ಇರೋ ಬಾಂಡ್ ಸಾಯಂಕಾಲಕ್ಕೆ ಬೇರೇನೋ ಆಗಿರತ್ತೆ, ರಾಯಚೂರು ಕಲಬುರಗಿ ಬೇಸಿಗೆಯಲ್ಲಂತೂ ಕೇಳೋದೇ ಬೇಡ. ನಿಮ್ಮ ಗೆಳೆಯ ಹೇಳಿದ ದುಬಾರಿ ಬಾಟಲಿ ಇಲ್ಲಿ ಏನು ಮಾಡಕ್ಕಾಗತ್ತೆ ಹೇಳಿ.

ಈಗ ಎಂಜಲಿನ ವಿಷಯ. ಇಷ್ಟೆಲ್ಲಾ ಮಾಡಿ ಬಾಂಡ್ ಹಾಕೋ ಹೊತ್ತಿಗೆ ನಾಲಿಗೆ ಬಂದು ಒಂದು ಸಲ ನೆಕ್ಕಿದ್ರೆ ಅಥವಾ ವಸಡಿಂದ ಒಂದು ಹನಿ ರಕ್ತ ಬಂದ್ರೆ ಮತ್ತೆ ಮೊದಲಿಂದ ಮಾಡ್ಬೇಕು, ಬೇರೆ ಅಡ್ಡದಾರಿ ಇಲ್ಲ. ಕೆಳಗಿನ ದವಡೆ ಹಲ್ಲು ಅಂದ್ರೆ ಒಂದು ಕಡೆ ನಾಲಿಗೆ ಒಂದು ಕಡೆ ಕೆನ್ನೆ, ಮಧ್ಯೆ ಬಾಯಿಯ ಹಬೆ. ಅದಕ್ಕೇ ರಬ್ಬರ್ ಡ್ಯಾಮ್ ಇರೋದು, ಒಂದು ತೆಳು ರಬ್ಬರ್ ಹಾಳೆಗೆ ತೂತು ಮಾಡಿ ಹಲ್ಲನ್ನ ಮಾತ್ರ ಈಚೆ ತರೋದು, ಅಮೆರಿಕದ ಬಾರ್ನಮ್ ಅನ್ನೋರು 1864ರಲ್ಲೇ ಕಂಡುಹಿಡಿದಿದ್ದು. ನೂರೈವತ್ತು ವರ್ಷಕ್ಕೂ ಹಳೇ ಹಾಳೆ, ಆದ್ರೂ ಎಷ್ಟೋ ಕಡೆ ಕಪಾಟಿನಲ್ಲೇ ಇರತ್ತೆ. ಡಾಕ್ಟ್ರನ್ನೊಂದೇ ದೂರಲ್ಲ, ಉಸಿರು ಕಟ್ಟತ್ತೆ ತೆಗೀರಿ ಅಂತ ಪೇಷಂಟೇ ಕಿತ್ತು ಹಾಕಿದ್ದೂ ಇದೆ. ಮೂಗಲ್ಲಿ ಉಸಿರಾಡಿದ್ರೆ ಎರಡು ನಿಮಿಷದಲ್ಲಿ ಅಭ್ಯಾಸ ಆಗತ್ತೆ, ಮುಂದಿನ ಸಲ ಹಾಕ್ತೀನಿ ಅಂದ್ರೆ ದಯವಿಟ್ಟು ಬೇಡ ಅನ್ನಬೇಡಿ. ಹತ್ತಿ ಉರುಳೆ ಇಟ್ಟು, ಒಳ್ಳೇ ಅಸಿಸ್ಟೆಂಟ್ ಇಟ್ಕೊಂಡು, ಚೆನ್ನಾಗಿ ಮಾಡೋರೂ ಇದ್ದಾರೆ, ನೋಡಿದೀನಿ, ಆದ್ರೆ ಅದು ಪ್ರತಿ ಸಲ ಅದೃಷ್ಟ ಕೇಳತ್ತೆ.

ಅಂಟು ಕೂತ ಮೇಲೂ ಅದನ್ನ ಕಿತ್ತುಹಾಕೋ ಶತ್ರು ಒಂದಿದೆ, ಕಾಂಪೋಸಿಟ್ಟೇ. ಲೈಟಿಗೆ ಗಟ್ಟಿ ಆಗುವಾಗ ಅದು ಸುಮಾರು 2ರಿಂದ 3 ಪರ್ಸೆಂಟ್ ಕುಗ್ಗತ್ತೆ. ಕಮ್ಮಿ ಅನ್ಸತ್ತೆ, ಆದ್ರೆ ನಾಲ್ಕು ಗೋಡೆ ಒಂದು ತಳಕ್ಕೆ ಅಂಟ್ಕೊಂಡು ಕುಗ್ಗಿದ್ರೆ ಎಲ್ಲೋ ಒಂದು ಕಡೆ ಬಿಡಲೇಬೇಕು, ಬಿಡೋದು ಯಾವಾಗಲೂ ಬಲಹೀನ ಜಾಗ, ತಳದ ಡೆಂಟಿನ್. ಅಥವಾ ಅಂಟು ಗಟ್ಟಿ ಇದ್ದು ಗೋಡೆಗಳೇ ಒಳಕ್ಕೆ ಎಳೆಸ್ಕೊಂಡು ಕೂತಿರ್ತವೆ, ಕಚ್ಚಿದಾಗ ನೋವು. ಮೊದಲು ಹೇಳಿದ ಕೈಪಂಪಿನ ಪೊಳ್ಳು ಹುಟ್ಟೋದು ಹೀಗೇ. ಅದಕ್ಕೇ ಒಂದೇ ಸಲ ಗುಳಿ ಪೂರಾ ತುಂಬಿ ಲೈಟ್ ಹೊಡೆಯೋದು ತಪ್ಪು, ಎರಡು ಮಿಲಿಮೀಟರಿಗಿಂತ ದಪ್ಪ ಇಲ್ಲದ ಪದರ, ಒಂದೇ ಸಲ ಎದುರುಬದುರು ಗೋಡೆ ತಾಗದ ಹಾಗೆ ಓರೆಯಾಗಿ ಇಡ್ತಾ ಬರ್ಬೇಕು. ನಾಲ್ಕು ಮಿಲಿಮೀಟರ್ ಒಟ್ಟಿಗೆ ತುಂಬೋ ಬಲ್ಕ್ ಫಿಲ್ ಅಂತಾನೂ ಬಂದಿದೆ, ಸರಿಯಾಗಿ ಬಳಸಿದ್ರೆ ಕೆಟ್ಟದ್ದಲ್ಲ, ಆದ್ರೆ ಅದನ್ನ ಟೈಮ್ ಉಳಿಸೋ ಮಂತ್ರ ಅಂತ ತಗೊಂಡ್ರೆ ಪದರ ಪದರವಾಗಿ ಮಾಡಿದ್ರ ಲಾಭ ಎಲ್ಲಾ ಹೋಯ್ತು. ಇನ್ನೂ ಒಂದು ಮಾತು, ಎನಾಮಲ್ಲಿನ ಅಂಟಿಗೆ ಬೇಗ ಬಲ ಬರತ್ತೆ, ಡೆಂಟಿನ್ನಿಂದಕ್ಕೆ ನಿಧಾನ. ಆದ್ದರಿಂದ ನಾನು ದೊಡ್ಡ ಗುಳಿಗಳಲ್ಲಿ ಡೆಂಟಿನ್ನಿಗೆ ಬಾಂಡ್ ಹಾಕಿ, ಅದರ ಮೇಲೆ ಅರ್ಧ ಮಿಲಿಮೀಟರಿನಷ್ಟು ತೆಳ್ಳಗೆ ನೀರಿನ ಹಾಗೆ ಹರಿಯೋ ಕಾಂಪೋಸಿಟ್ ಸವರಿ ಲೈಟ್ ಕೊಟ್ಟು, ಐದು ನಿಮಿಷ ಸುಮ್ನೆ ಬಿಡ್ತೀನಿ, ಆಮೇಲೇ ಎದುರಿನ ಗೋಡೆಗೆ ಸೇರಿಸೋದು. ಪೇಷಂಟ್ ಬಾಯಿ ತೆಕ್ಕೊಂಡು ಕೂತಿದ್ದಾಗ ಐದು ನಿಮಿಷ ಏನೂ ಮಾಡದೆ ಕಾಯೋದು ಇಬ್ರಿಗೂ ಕಷ್ಟ, ಆದ್ರೂ ಕಾಯ್ತೀನಿ.

ಲೈಟ್ ಬಗ್ಗೆ ಒಂದೇ ಮಾತು. ನೀಲಿ ಬೆಳಕು ಕಂಡ ಮಾತ್ರಕ್ಕೆ ಗಟ್ಟಿ ಆಯ್ತು ಅಂತಲ್ಲ, ತುದಿಗೆ ಹಳೇ ಕಾಂಪೋಸಿಟ್ ಮೆತ್ಕೊಂಡಿದ್ರೆ, ಬ್ಯಾಟರಿ ಇಳಿದಿದ್ರೆ, ಹಲ್ಲಿಂದ ಒಂದು ಸೆಂಟಿಮೀಟರ್ ದೂರ ಓರೆಯಾಗಿ ಹಿಡಿದಿದ್ರೆ ಮೇಲ್ಗಡೆ ಕಲ್ಲು ತಳದಲ್ಲಿ ಮೆತ್ತಗೆ. ಒಂದು ಚದರ ಸೆಂಟಿಮೀಟರಿಗೆ ಸಾವಿರ ಮಿಲಿವಾಟ್ ಆದ್ರೂ ಬರ್ತಿದೆಯಾ ಅಂತ ಮೀಟರಲ್ಲಿ ಆಗಾಗ ನೋಡ್ತಿರ್ಬೇಕು.

ನಿಮ್ಮ ಬಿದ್ದುಹೋಗೋ ಫಿಲ್ಲಿಂಗಿಗೆ ಬರೋಣ, ವಸಡಿನ ಹತ್ರದ್ದು. ಅಲ್ಲಿ ಗುಳಿ ಆಗಿದ್ದು ಹುಳುಕಿನಿಂದಲೋ ಉಜ್ಜಿ ಉಜ್ಜಿಯೋ ನೀವು ಬರೆದಿಲ್ಲ, ನಮ್ಮ ಕಡೆ ಗಟ್ಟಿ ಬ್ರಷ್, ಹಲ್ಲುಪುಡಿ, ಉಪ್ಪು ಇದ್ದಿಲು ಹಾಕಿ ಅಡ್ಡಡ್ಡ ತಿಕ್ಕೋ ಅಭ್ಯಾಸ ಇರೋದ್ರಿಂದ ಸವೆತ ಅಂತಲೇ ಇಟ್ಕೋತೀನಿ. ಇಂಥ ಜಾಗದಲ್ಲಿ ಡೆಂಟಿನ್ ವರ್ಷಗಟ್ಟಲೆ ಹೊರಗಿದ್ದು ತನ್ನ ಕೊಳವೆಗಳನ್ನ ತಾನೇ ಖನಿಜ ತುಂಬಿ ಮುಚ್ಕೊಂಡಿರತ್ತೆ, ಮೇಲ್ಮೈ ಗಾಜಿನ ಹಾಗೆ ಹೊಳೀತಿರತ್ತೆ, ಅಂಟಿಗೆ ಹಿಡ್ಕೊಳಕ್ಕೆ ಏನೂ ಸಿಗಲ್ಲ. ಕೆಳಗಿನ ಅಂಚಲ್ಲಿ ಎನಾಮಲ್ಲೂ ಇರಲ್ಲ. ಮೇಲಿಂದ ರಾತ್ರಿ ಹಲ್ಲು ಕಡಿಯೋ ಅಭ್ಯಾಸ ಇದ್ರೆ ಆ ಕುತ್ತಿಗೆ ಜಾಗಕ್ಕೆ ಇನ್ನಷ್ಟು ಒತ್ತಡ. ಹೊಳೆಯೋ ಪದರನ ಬರ್ (ಹಲ್ಲು ಕೊರೆಯೋ ಮೊನೆ) ಅಥವಾ ಮರಳು ಊದೋ ಯಂತ್ರದಲ್ಲಿ ಒರಟು ಮಾಡದೆ ಬರೀ ಬಾಂಡ್ ಸವರಿ ಕಾಂಪೋಸಿಟ್ ಮೆತ್ತಿದ್ರೆ ಅದು ಬಿದ್ದೇ ಬೀಳತ್ತೆ, ಯಾವ ಕಂಪನಿದಾದ್ರೂ ಸರಿ. ಒರಟು ಮಾಡಿ, ಮೇಲಿನ ಎನಾಮಲ್ ಅಂಚನ್ನ ಓರೆ ಕೆತ್ತಿ ಜೆಲ್ ಹಚ್ಚಿ, ವಸಡಿನ ಸಂದಿಗೆ ದಾರ ಇಟ್ಟು ತೇವ ತಡೆದು, ಆಮೇಲೆ ಬಾಂಡ್ ಉಜ್ಜಿದ್ರೆ ನಿಲ್ಲತ್ತೆ. ತೇವ ತಡೆಯಕ್ಕೆ ಆಗದೇ ಇರೋ ಜಾಗದಲ್ಲಿ ನಾನು ಹಟ ಮಾಡದೆ ಗ್ಲಾಸ್ ಅಯಾನೊಮರ್ ಹಾಕ್ತೀನಿ, 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ತಂದ ಸಿಮೆಂಟು, ಕಾಂಪೋಸಿಟ್ಟಿನಷ್ಟು ಚಂದ ಇಲ್ಲ, ಬೇಗ ಸವೆಯತ್ತೆ, ಆದ್ರೆ ಹಲ್ಲಿನ ಕ್ಯಾಲ್ಸಿಯಮ್ಮಿಗೆ ತಾನಾಗೇ ಅಂಟತ್ತೆ, ಫ್ಲೋರೈಡೂ ಬಿಡತ್ತೆ, ಕುತ್ತಿಗೆ ಜಾಗದಲ್ಲಿ ಬಿದ್ದುಹೋಗೋದು ತುಂಬಾ ಕಮ್ಮಿ. ಮೂರನೇ ಸಲಕ್ಕೆ ಅದನ್ನೇ ಕೇಳಿ ನೋಡಿ.

ಇದೇ ಮಾತಿಗೆ ಸೇರಿಸ್ತೀನಿ, ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲು ಕಂದು ಪಟ್ಟೆ ಬಂದಿರತ್ತಲ್ಲ, ಆ ಎನಾಮಲ್ ಆಸಿಡ್ಡಿಗೆ ಸುಲಭಕ್ಕೆ ಬಗ್ಗಲ್ಲ. ಮೇಲಿನ ಪದರ ಸ್ವಲ್ಪ ಉಜ್ಜಿ ತೆಗೆದು ಜೆಲ್ ಹೊತ್ತು ಜಾಸ್ತಿ ಇಡ್ಬೇಕು. ಬೇರೆ ಊರಿಗೆ ಓದಕ್ಕೋ ಕೆಲಸಕ್ಕೋ ಹೋದವರು ಅಲ್ಲಿನ ಡಾಕ್ಟ್ರಿಗೆ ನಮ್ಮೂರ ನೀರಲ್ಲಿ ಫ್ಲೋರೈಡ್ ಇತ್ತು ಅಂತ ಬಾಯಿಬಿಟ್ಟು ಹೇಳಿದ್ರೆ ಒಳ್ಳೇದು. ಹಾಗೇ ನೋವು ತಡೀಲಾರದೆ ಲವಂಗದ ಎಣ್ಣೆ ಹತ್ತಿಲಿ ಅದ್ದಿ ಗುಳಿಗೆ ಇಟ್ಕೊಂಡು ಬರ್ತಾರೆ, ಅದರಲ್ಲಿರೋ ಯೂಜಿನಾಲ್ ಬಾಂಡ್ ಮತ್ತೆ ಕಾಂಪೋಸಿಟ್ ಗಟ್ಟಿ ಆಗೋದನ್ನ ತಡೆಯತ್ತೆ. ಇಟ್ಕೊಂಡಿದ್ದು ತಪ್ಪಲ್ಲ, ಹೇಳದೆ ಇರೋದು ತೊಂದರೆ. ಹಲ್ಲು ಬಿಳಿ ಮಾಡೋ ಬ್ಲೀಚಿಂಗ್ ಮಾಡಿಸಿದ್ರೂ ಎರಡು ವಾರ ಬಿಟ್ಟೇ ಫಿಲ್ಲಿಂಗ್.

ಇಷ್ಟಾದ್ರೂ ಡೆಂಟಿನ್ನಿನ ಅಂಟಿಗೆ ವಯಸ್ಸಾಗತ್ತೆ, ಅದನ್ನ ಮುಚ್ಚಿಡಲ್ಲ. ಅಂಟು ಪೂರ್ತಿ ನೆನೆಸದೆ ಬಿಟ್ಟ ಕೊಲಾಜೆನ್ ನಾರನ್ನ ಹಲ್ಲಿನಲ್ಲೇ ಮಲಗಿರೋ ಕೆಲವು ಕಿಣ್ವಗಳು ಎದ್ದು ತಿಂತಾ ಬರ್ತವೆ. ಆಸಿಡ್ ತೊಳೆದಾದ್ಮೇಲೆ 2 ಪರ್ಸೆಂಟ್ ಕ್ಲೋರ್‌ಹೆಕ್ಸಿಡಿನ್ ಸ್ವಲ್ಪ ಹೊತ್ತು ಇಟ್ರೆ ಆ ಕಿಣ್ವಗಳು ಮಂಕಾಗ್ತವೆ, ಕೆಲವರು ಮಾಡ್ತಾರೆ, ಡೆಂಟಿನ್ನಿಗೆ ಆಸಿಡ್ ಹಚ್ಚಿದಾಗ ನಾನೂ ಮಾಡ್ತೀನಿ. ಆದ್ರೆ ನಂಗೆ ಅದಕ್ಕಿಂತ ದೊಡ್ಡದು ಅಂಚು. ಹುಳುಕು ತೆಗೆಯುವಾಗ ಸುತ್ತ ಅಂಚಿನಿಂದ ಒಳಕ್ಕೆ ಒಂದೆರಡು ಮಿಲಿಮೀಟರ್ ಉಂಗುರದಷ್ಟು ಜಾಗ ಪೂರ್ತಿ ಗಟ್ಟಿ ಹಲ್ಲು ಸಿಗೋವರೆಗೆ ಸ್ವಚ್ಛ ಮಾಡ್ತೀನಿ, ನರದ ನೆತ್ತಿ ಮೇಲೆ ಮಾತ್ರ ಕೊನೇ ಪದರ ಸ್ವಲ್ಪ ಮೆತ್ತಗಿದ್ರೂ ಬಿಡ್ತೀನಿ, ಕೆರೆದು ನರ ತೆರೆಯೋದಕ್ಕಿಂತ ಅದು ಎಷ್ಟೋ ಮೇಲು. ಸುತ್ತ ಬಾಗಿಲು ಭದ್ರವಾಗಿ ಮುಚ್ಚಿದ್ರೆ ಒಳಗುಳಿದ ಕ್ರಿಮಿಗೆ ಆಹಾರ ಸಿಗಲ್ಲ, ಹಲ್ಲು ತಾನೇ ಒಳಗಿಂದ ಗೋಡೆ ಕಟ್ಕೊಳತ್ತೆ.

ಹಾಗಾದ್ರೆ ನಿಮ್ಮ ದವಡೆ ಹಲ್ಲಿಗೆ ಏನು ಮಾಡೋದು. ಫಿಲ್ಲಿಂಗ್ ಆದ್ಮೇಲೆ ಎರಡು ಮೂರು ವಾರ ಸ್ವಲ್ಪ ಜುಮ್ ಅನ್ನೋದು ಸಹಜ, ಮೂರು ತಿಂಗಳು ಸಹಜ ಅಲ್ಲ, ಇನ್ನು ಕಾಯಬೇಡಿ. ಮೊದಲು ಕಾರ್ಬನ್ ಪೇಪರ್ ಕಚ್ಚಿಸಿ ಫಿಲ್ಲಿಂಗ್ ಎತ್ತರ ಇದೆಯಾ ನೋಡ್ಲಿ, ಬರೀ ಕಚ್ಚಿಸಿದ್ರೆ ಸಾಲದು, ಅಗಿಯೋ ಹಾಗೆ ಆ ಕಡೆ ಈ ಕಡೆ ಆಡಿಸಿನೂ ನೋಡ್ಬೇಕು, ಎಷ್ಟೋ ಜನ ಇಂಜೆಕ್ಷನ್ನಿಗೆ ಮರಗಟ್ಟಿದ ಬಾಯಲ್ಲಿ ಸರಿ ಇದೆ ಅಂತ ಹೇಳಿ ಮನೆಗೆ ಹೋಗಿರ್ತಾರೆ. ಎರಡನೇದು ಬಿರುಕು, ನಂಗೆ ನಿಮ್ಮ ಕತೆಲಿ ಇದೇ ಜಾಸ್ತಿ ಅನುಮಾನ, ಯಾಕಂದ್ರೆ ಹದಿನೈದು ವರ್ಷದ ದೊಡ್ಡ ಬೆಳ್ಳಿ ಇತ್ತು ಮತ್ತೆ ಗಟ್ಟಿ ಕಾಳಿಗೆ ಚುಳ್ ಅನ್ನತ್ತೆ. ಕಚ್ಚಿದಾಗಿಂತ ಕಚ್ಚಿ ಬಿಟ್ಟಾಗ ಜಾಸ್ತಿ ನೋವು ಬರತ್ತಾ ಅಂತ ಗಮನಿಸಿ, ಬಂದ್ರೆ ಬಿರುಕಿನ ಕಡೆ ಬೊಟ್ಟು ಮಾಡತ್ತೆ. ಹಲ್ಲಿನ ಒಂದೊಂದು ಮೂಲೆ ಮೇಲೂ ಸಣ್ಣ ಕಡ್ಡಿ ಕಚ್ಚಿಸಿ, ಪಕ್ಕದಿಂದ ಬೆಳಕು ಬಿಟ್ಟು ನೋಡಿದ್ರೆ ಬಿರುಕಿದ್ದ ಕಡೆ ಬೆಳಕು ತಟ್ ಅಂತ ನಿಲ್ಲತ್ತೆ. ಮೂರನೇದು ನರದ ಸ್ಥಿತಿ. ಐಸ್ ತಾಗಿಸಿದಾಗ ಜುಮ್ ಅಂದು ಕೆಲವೇ ಸೆಕೆಂಡಲ್ಲಿ ಹೋದ್ರೆ ನರಕ್ಕೆ ಇನ್ನೂ ಚೇತರಿಸ್ಕೊಳೋ ಶಕ್ತಿ ಇದೆ ಅಂತ ಅರ್ಥ. ಐಸ್ ತೆಗೆದ್ಮೇಲೂ ಅರ್ಧ ನಿಮಿಷ ಮೇಲ್ಪಟ್ಟು ಗುಯ್ ಅಂತಿದ್ರೆ, ಬಿಸಿ ಕಾಫಿಗೆ ನೋವು ಏರ್ತಿದ್ರೆ, ರಾತ್ರಿ ಮಲಗಿದಾಗ ತಾನೇ ಎದ್ದು ಬಡೀತಿದ್ರೆ ಆಗ ರೂಟ್ ಕೆನಾಲ್ ಅಂದ ಡಾಕ್ಟ್ರು ಸರಿಯಾಗೇ ಹೇಳಿದ್ದಾರೆ, ಮುಂದೂಡಬೇಡಿ. ಊತ, ಜ್ವರ ಬಂದ್ರಂತೂ ಅವತ್ತೇ ಹೋಗಿ.

ನರ ಚೆನ್ನಾಗಿದ್ದು ಎತ್ತರನೂ ಇಲ್ಲ ಬಿರುಕೂ ಇಲ್ಲ ಅಂದ್ರೆ ಫಿಲ್ಲಿಂಗ್ ತೆಗೆದು ಕೆಲವು ವಾರ ಗ್ಲಾಸ್ ಅಯಾನೊಮರ್ ತುಂಬಿ ಬಿಡೋದು ನನ್ನ ಪದ್ಧತಿ. ನೋವು ನಿಂತ್ರೆ ಅಂಟಿನದೇ ತಪ್ಪು ಅಂತ ಖಾತ್ರಿ, ಆಮೇಲೆ ರಬ್ಬರ್ ಡ್ಯಾಮ್ ಹಾಕಿ ಮೇಲೆ ಹೇಳಿದ ಹಾಗೆ ನಿಧಾನಕ್ಕೆ ಕಾಂಪೋಸಿಟ್. ಬಿರುಕು ಸಿಕ್ಕಿದ್ರೆ ಬರೀ ಫಿಲ್ಲಿಂಗ್ ಸಾಲಲ್ಲ, ಮೂಲೆಗಳನ್ನ ಮೇಲಿಂದ ಹೊದಿಸೋ ಆನ್‌ಲೇ ಬೇಕಾಗತ್ತೆ, ಅಳತೆ ಕೊಟ್ಟು ಲ್ಯಾಬಿಂದ ಬರೋದು. ಅದರಲ್ಲೂ ಹಲ್ಲು ಕೊರೆದ ದಿನವೇ, ಅಳತೆ ತೆಗೆಯೋಕೆ ಮುಂಚೆನೇ, ಹಸಿ ಡೆಂಟಿನ್ನಿಗೆ ಬಾಂಡ್ ಹಾಕಿ ಮುಚ್ಚಿಬಿಡಿ ಅಂತ ಕೇಳಿ. ಸ್ವಿಟ್ಜರ್ಲೆಂಡ್ ಮೂಲದ ಪಾಸ್ಕಲ್ ಮಾನ್ಯ ಅನ್ನೋರು ಪ್ರಚಾರಕ್ಕೆ ತಂದ ಕ್ರಮ ಇದು, ಲ್ಯಾಬಿಂದ ಬರೋವರೆಗೆ ಒಂದು ವಾರ ಟೆಂಪರರಿ ಫಿಲ್ಲಿಂಗ್ ಕೆಳಗೆ ಹಲ್ಲು ಜುಮ್ ಅನ್ನಲ್ಲ, ಆ ಒಂದು ವಾರ ಯಾವ ಎಳೆತನೂ ಇಲ್ಲದೆ ಡೆಂಟಿನ್ನಿನ ಅಂಟು ಬಲ ಕೂಡ್ಕೊಳತ್ತೆ.

ಕೊನೆಗೆ ಕಂಪನಿ ಹೆಸರು. ಎಂಡಿಪಿ ಇರೋ, ಡೇಟ್ ಮುಗಿಯದ, ಒಳ್ಳೇ ಹೆಸರಿರೋ ಯಾವ ಕಂಪನಿ ಬಾಂಡ್ ಆದ್ರೂ ನಡೆಯತ್ತೆ, ಜಪಾನಿಂದೋ ಅಮೆರಿಕದ್ದೋ ಯೂರೋಪಿಂದೋ ಅಂತ ತಲೆ ಕೆಡಿಸ್ಕೋಬೇಡಿ. ಅಪಾಯಿಂಟ್‌ಮೆಂಟ್ ತಗೊಳುವಾಗ ಮಾತ್ರ ರಿಸೆಪ್ಷನಲ್ಲಿ ಎರಡು ಮಾತು ಕೇಳಿ, ಈ ಒಂದು ಹಲ್ಲಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡುವು ಇಡ್ತೀರಾ, ರಬ್ಬರ್ ಡ್ಯಾಮ್ ಹಾಕ್ತೀರಾ. ಮಧ್ಯಾಹ್ನದ ಸ್ಲಾಟ್ ಸಿಕ್ಕಿದ್ರೆ ಅದನ್ನೇ ತಗೊಳಿ, ಸಾಯಂಕಾಲದ ರಶ್ ಬೇಡ. ಹೋಗುವಾಗ ಮೂರು ತಿಂಗಳ ಹಿಂದಿನ ಎಕ್ಸ್-ರೇ ಇದ್ರೆ ಹಿಡ್ಕೊಂಡು ಹೋಗಿ, ಹೊಸದ್ರ ಪಕ್ಕ ಇಟ್ಟು ನೋಡಕ್ಕೆ ಬೇಕಾಗತ್ತೆ.